ಕುಂಬಳಕಾಯಿ ಒಡೆದ ಜಾಗ

"ಇದು ಓಡೋ ಕಾರಾ ಯಜಮಾನ್ರೇ, ಇಲ್ಲ ಬರೀ ನೋಡೋ ಕಾರಾ?"

ಶೆಡ್ಡಿನ ಕಡೆಯಿಂದ ಬಂದ ಆ ಮಾತಿಗೆ ತಂದೆ ಸದಾಶಿವಯ್ಯ ಜೋರಾಗಿ ನಕ್ಕಿದ್ದು ಪ್ರೇಮಲೀಲಾಳಿಗೆ ಅಡುಗೆಮನೆಯವರೆಗೂ ಕೇಳಿಸಿತು. ಅಪ್ಪ ಹೀಗೆ ನಕ್ಕು ಎಷ್ಟು ಕಾಲವಾಗಿತ್ತು... ಹಳೆಯ ಫಿಯಟ್ ಕಾರನ್ನು ನೋಡಲು ಯಾರೋ ಬರುತ್ತಾರೆ ಎಂದು ಬೆಳಿಗ್ಗೆಯೇ ಹೇಳಿದ್ದರು. ಅವಳು ಎರಡು ಲೋಟ ಕಾಫಿ ಹಿಡಿದು ಹೊರಗೆ ಬಂದಳು.

ಬಾನೆಟ್ಟಿನೊಳಗೆ ಬಗ್ಗಿದ್ದವನು ತಲೆ ಎತ್ತಿದ.

ಕಾಫಿ ತುಳುಕಿ ಅವಳ ಬೆರಳಿನ ಮೇಲೆ ಬಿತ್ತು. ಸುಟ್ಟಿದ್ದು ಕೂಡ ತಿಳಿಯಲಿಲ್ಲ.

ಇವನೇ! ಇದೇ ಮುಖ... ಇದೇ ನಗು!

ಅವನಿಗೆ ಅವಳ ಗುರುತು ಹತ್ತಲಿಲ್ಲ. ಹೆಸರು ಮಹದೇವಪ್ರಸಾದ್, ಮನೆ ಹಿನಕಲ್‌ನಲ್ಲಿ, ಟೂರಿಸ್ಟ್ ಸುಮೋ ಓಡಿಸುತ್ತೇನೆ ಎಂದು ಹೇಳಿಕೊಂಡ. ಹೇಳಿ ಮುಗಿದ ಮೇಲೂ ಅವನ ನೋಟ ಅವಳ ಮೇಲೆಯೇ ಒಂದು ಗಳಿಗೆ ನಿಂತಿತು. ಲೀಲಾ ಲೋಟಗಳನ್ನು ಜಗಲಿಯ ಮೇಲಿಟ್ಟು, ಒಳಗೆ ಹೋಗಿ ಬಾಗಿಲಿಗೆ ಒರಗಿ ನಿಂತಳು.

ಅವಳು ಆ ಮುಖವನ್ನು ನೋಡಿದ್ದು ಹಿಂದಿನ ವರ್ಷದ ಆಯುಧಪೂಜೆಯ ದಿನ.

ಜಯಲಕ್ಷ್ಮಿಪುರಂನ ಆ ಮನೆಯಲ್ಲಿ ತಂದೆ ಮಗಳು ಇಬ್ಬರೇ. ತಾಯಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಸುಖವೆಂದರೆ ಭಾನುವಾರಕ್ಕೊಂದು, ಹಬ್ಬಕ್ಕೊಂದು ಫಿಯಟ್ಟಿನಲ್ಲಿ ರೌಂಡ್ ಹೋಗುವುದು. ಯಾವ ಕೆಲಸಕ್ಕೂ ಅಲ್ಲ. ಹಿನಕಲ್ ದಾಟಿ ಹುಣಸೂರು ರಸ್ತೆಯಲ್ಲಿ ಇಲವಾಲದವರೆಗೆ ಹೋಗುವುದು, ಒಂದು ಟೀ ಕುಡಿಯುವುದು, ವಾಪಸ್ಸು ಬರುವುದು. ಲೀಲಾ ಡ್ರೈವಿಂಗ್ ಕಲಿತದ್ದೂ ಅದೇ ರಸ್ತೆಯಲ್ಲಿ, ಅಪ್ಪನ ಬೈಗುಳ ತಿನ್ನುತ್ತಾ.

ಆ ಹಬ್ಬದ ದಿನ ಸ್ಟೇರಿಂಗ್ ಹಿಡಿದಿದ್ದವಳು ಅವಳೇ, ಅಪ್ಪ ಪಕ್ಕದಲ್ಲಿ ತೂಕಡಿಸುತ್ತಿದ್ದರು. ಹಿನಕಲ್‌ನಲ್ಲಿ ಒಂದು ಮನೆಯ ಮುಂದೆ ಚೆಂಡುಹೂವಿನ ಹಾರ ಹೊತ್ತ ಹೊಸ ಸುಮೋ ನಿಂತಿತ್ತು. ಒಬ್ಬ ಯುವಕ ನಗುತ್ತಾ ಕೈ ಅಡ್ಡ ಹಿಡಿದು ಅವಳ ಕಾರನ್ನು ನಿಲ್ಲಿಸಿ, ಗಾಡಿಗೆ ದೃಷ್ಟಿ ತೆಗೆದ ಬೂದುಗುಂಬಳಕಾಯಿಯನ್ನು ನಟ್ಟನಡು ರಸ್ತೆಯಲ್ಲಿ ಎತ್ತಿ ಒಡೆದ. ಕುಂಕುಮ ಕಲಸಿದ ತಿರುಳು ನಾಲ್ಕೂ ಕಡೆಗೆ ಚೆಲ್ಲಿತು. ಅವಳಿಗೆ ದಾರಿ ಬಿಟ್ಟು, ಮನೆಯವರನ್ನು ಸುಮೋಗೆ ಹತ್ತಿಸಿಕೊಂಡು, ಬೆಟ್ಟದ ದೇವಸ್ಥಾನದ ಕಡೆಗೆ ಹೊರಟುಹೋದ.

ಇಲವಾಲದಿಂದ ಹಿಂತಿರುಗುವಾಗ, ಅದೇ ಜಾಗದಲ್ಲಿ, ಮುಂದಿದ್ದ ಸ್ಕೂಟರ್ ಆ ತಿರುಳಿನ ಮೇಲೆ ಜಾರಿತು. ಬಿದ್ದವನ ಮೇಲೆ ಹತ್ತಿಸಬಾರದೆಂದು ಲೀಲಾ ಸ್ಟೇರಿಂಗ್ ತಿರುಗಿಸಿದಳು. ಸ್ಕೂಟರಿನವನು ಉಳಿದುಕೊಂಡ. ಕಾರು ಮರಕ್ಕೆ ಬಡಿಯಿತು.

ಕಾರೇನೋ ಉದಯಗಿರಿಯ ಗ್ಯಾರೇಜಿನಲ್ಲಿ ಸರಿಯಾಗಿ ಬಂತು. ಅಪ್ಪನ ಬಲಗಾಲಿನ ಮಂಡಿ ಸರಿಯಾಗಲಿಲ್ಲ. ಅಂದಿನಿಂದ ಲೀಲಾ ಸ್ಟೇರಿಂಗ್ ಮುಟ್ಟಿರಲಿಲ್ಲ. ಸದಾಶಿವಯ್ಯ ಮಾತ್ರ ಸಂಜೆಯಾದರೆ ಕೋಲೂರಿಕೊಂಡು ಹೋಗಿ, ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಕೂತು, ಗೇರು ಹಾಕುತ್ತಾ ತೆಗೆಯುತ್ತಾ ಇರುತ್ತಿದ್ದರು. ಅದನ್ನು ನೋಡಲಾರದೆ ಕಾರು ಮಾರಿಬಿಡಿ ಎಂದು ಹಟ ಹಿಡಿದವಳು ಅವಳೇ.

ಕೊಳ್ಳಲು ಬಂದವನು ಇವನು!

ಆದರೆ ಆ ದಿನ ವ್ಯಾಪಾರ ಕುದುರಲಿಲ್ಲ. ಸುಮೋ ಇರುವಾಗ ಈ ಹಳೇ ಗಾಡಿ ಯಾಕಪ್ಪ ಎಂದು ಅಪ್ಪ ಕೇಳಿದ್ದಕ್ಕೆ, ಅದು ಹೊಟ್ಟೆಪಾಡಿಗೆ, ಇದು ಸುಮ್ಮನೆ ಓಡಿಸೋದಕ್ಕೆ ಎಂದನಂತೆ. ಸುಮ್ಮನೆ ಓಡಿಸುವವರು ಈ ಕಾಲದಲ್ಲೂ ಇದ್ದಾರೆಯೇ! ಅಪ್ಪ ಕರಗಿಬಿಟ್ಟರು. ಮಾರುವ ಮಾತು ಆಮೇಲೆ ನೋಡೋಣ, ಭಾನುವಾರ ಬಂದು ನನ್ನನ್ನ ಒಂದು ರೌಂಡ್ ಕರ್ಕೊಂಡು ಹೋಗು ಎಂದರು.

ಭಾನುವಾರ ಲೀಲಾ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ಇವನ ಕೈಯಲ್ಲಿ ಅಪ್ಪನನ್ನು ಒಬ್ಬರನ್ನೇ ಬಿಡಲಾರೆ...

ರಸ್ತೆ ಒಂದೇ ವರ್ಷದಲ್ಲಿ ಬೇರೆಯಾಗಿತ್ತು. ಅಗಲವಾಗಿತ್ತು, ಆದರೆ ಅಗಲವಾದಷ್ಟೂ ಜಾಗ ಕಡಿಮೆಯಾದಂತೆ ಕಾಣುತ್ತಿತ್ತು. ಕಬ್ಬಿಣದ ಸರಳು ಹೊತ್ತ ಲಾರಿಗಳು, ಎಡದಿಂದ ನುಗ್ಗುವ ಬಸ್ಸುಗಳು, ಬಣ್ಣ ಬಳಿಯದ ಹಂಪುಗಳು. ಹಿಂದಿನ ಗಾಡಿಯ ದೀಪ ಕತ್ತಿನ ಮೇಲೆ ಉಸಿರಾಡಿದಂತೆ ಹತ್ತಿರ. ಪ್ರತಿ ಹಾರನ್ನಿಗೂ ಅವಳು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು.

"ಈ ರೋಡಲ್ಲಿ ಏನ್ ಸುಖ ಇದೆ ಅಂತ ಓಡಿಸ್ತೀರಿ?" ಎಂದು ಕೇಳಿಯೇಬಿಟ್ಟಳು.

"ಇದೆ ಮೇಡಂ. ಮೊದಲು ಅದೇ ಬಂದು ಸಿಗ್ತಿತ್ತು, ಈಗ ನಾವು ಹುಡುಕ್ಬೇಕು ಅಷ್ಟೆ." ಕನ್ನಡಿಯಲ್ಲಿ ಅವನ ಕಣ್ಣುಗಳು ನಕ್ಕವು.

ಹಿನಕಲ್ ಬಂದಾಗ ಅವನು ಮೆಲ್ಲನೆ ಒಂದು ಸಲ ಹಾರನ್ ಒತ್ತಿದ. ಜಗಲಿಯ ಮೇಲಿದ್ದ ಅವನ ತಾಯಿ ಸರೋಜಮ್ಮ ಕೈ ಎತ್ತಿದರು. ಇದೇ ನಮ್ಮ ಮನೆ ಎಂದು ಹೆಮ್ಮೆಯಿಂದ ತೋರಿಸಿದ. ಅಲ್ಲಿಂದ ಸ್ವಲ್ಪ ಮುಂದೆ ಆ ಮರ. ತೊಗಟೆ ಕಿತ್ತುಹೋದ ಕಡೆ ಇನ್ನೂ ಹಸಿಯಾಗಿ ಕಾಣುತ್ತಿತ್ತು.

ಲೀಲಾ ಮುಖ ಬೇರೆ ಕಡೆಗೆ ತಿರುಗಿಸಿಕೊಂಡಳು.

ಹೀಗೆ ಭಾನುವಾರಗಳು ಉರುಳಿದವು. ಅವನಲ್ಲಿ ತಪ್ಪು ಹುಡುಕಲೆಂದೇ ಅವಳು ಕನ್ನಡಿಯನ್ನು ಕಾಯುತ್ತಿದ್ದಳು. ಸಿಕ್ಕಿದ್ದೇ ಬೇರೆ. ರಸ್ತೆ ದಾಟಲಾಗದೆ ನಿಂತ ಮುದುಕಿಗೆ ಅವನು ಗಾಡಿ ನಿಲ್ಲಿಸುತ್ತಿದ್ದ. ಹಿಂದಿನವರು ಹಾರನ್ ಬಾರಿಸಿದರೆ ಬಾರಿಸಿಕೊಳ್ಳಲಿ ಎಂದು ಸುಮ್ಮನಿರುತ್ತಿದ್ದ. ಹಂಪು ಬಂದರೆ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಅಪ್ಪನ ಮಂಡಿಯ ಕಡೆಗೆ. ಮಂಡಿಗೆ ಏನಾಯ್ತು ಎಂದು ಅವನು ಕೇಳಿದಾಗ ಅಪ್ಪ, ಗಾಡಿ ಮರಕ್ಕೆ ಹೊಡೀತು ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದರು. ಮಗಳು ನೊಂದುಕೊಳ್ಳುತ್ತಾಳೆಂದು.

ಬಯ್ಯಲು ಕಾರಣ ಹುಡುಕುತ್ತಾ ಹುಡುಕುತ್ತಾ ಲೀಲಾ ಎಲ್ಲಿಗೆ ಬಂದು ಮುಟ್ಟಿದ್ದಳೆಂದರೆ, ಶನಿವಾರವೇ ಸೀರೆ ಆರಿಸಿಟ್ಟುಕೊಳ್ಳುತ್ತಿದ್ದಳು!

ಅಯ್ಯೋ, ನನಗೇನಾಗಿದೆ... ಎಂದು ತನ್ನನ್ನು ತಾನೇ ಬೈದುಕೊಂಡರೂ ಸೀರೆ ಮಾತ್ರ ಮಡಿಚಿ ಒಳಗಿಡುತ್ತಿರಲಿಲ್ಲ.

ಒಂದು ಭಾನುವಾರ ಇಲವಾಲದಲ್ಲಿ ಅಪ್ಪ ಟೀ ಅಂಗಡಿಯವನೊಡನೆ ಹರಟುತ್ತಿದ್ದಾಗ, ಪ್ರಸಾದ್ ಅವಳ ಹತ್ತಿರ ಬಂದು ನಿಂತ. ಹೊಸ ಕ್ವಾಲಿಸ್ ತೆಗೆದುಕೊಂಡಿದ್ದೇನೆ, ಆಯುಧಪೂಜೆಗೆ ನೀವಿಬ್ಬರೂ ಮನೆಗೆ ಬರಬೇಕು ಎಂದು ಕರೆದ. ಪೂಜೆಯಾದ ಮೇಲೆ ಅಮ್ಮನಿಗೆ ನಿಮ್ಮಪ್ಪನನ್ನು ಏನೋ ಕೇಳುವುದಿದೆ ಎಂದ.

"ಏನಂತೆ?" ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ನಾನು ಕನ್ನಡೀಲಿ ಇಷ್ಟು ದಿನದಿಂದ ಕೇಳ್ತಾನೇ ಇದೀನಲ್ಲ, ಅದೇ."

ಅವಳ ಮುಖ ಅರಳಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಅವತ್ತು ಕುಂಬಳಕಾಯಿ... ಒಡೀತೀರಾ?"

"ಒಡೀದೆ ಇರ್ತೀವಾ? ಹೋದ ವರ್ಷಕ್ಕಿಂತ ದೊಡ್ಡದೇ ತರ್ತೀನಿ."

ಹೇಳಿಬಿಡಬೇಕು. ಈಗಲೇ! ಆದರೆ ಹೇಳಿದರೆ ಇವನು ಇನ್ನು ಅಪ್ಪನ ಮಂಡಿ ನೋಡಿದಾಗಲೆಲ್ಲ ಸಾಯುತ್ತಾನೆ. ಕನ್ನಡಿಯಲ್ಲಿ ಮತ್ತೆಂದೂ ಕಣ್ಣೆತ್ತುವುದಿಲ್ಲ... ಲೀಲಾ ಟೀ ಲೋಟ ಕೊಡುವ ನೆಪದಲ್ಲಿ ಅಪ್ಪನ ಕಡೆಗೆ ನಡೆದಳು.

ನವರಾತ್ರಿ ಶುರುವಾಯಿತು. ಊರಿಗೆಲ್ಲ ದೀಪ. ರಸ್ತೆಬದಿಯಲ್ಲಿ ಬೂದುಗುಂಬಳದ ರಾಶಿಗಳು ಎದ್ದವು. ಲೈಬ್ರರಿಯ ಕೆಲಸ ಮುಗಿಸಿ ನಡೆದು ಬರುವಾಗ ಅವಳಿಗೆ ಅವು ಬೂದಿ ಬಳಿದುಕೊಂಡ ತಲೆಗಳಂತೆ ಕಾಣುತ್ತಿದ್ದವು. ದಿನದಿಂದ ದಿನಕ್ಕೆ ರಾಶಿ ಕರಗುತ್ತಿತ್ತು. ಒಂದೊಂದೂ ಯಾರದೋ ಮನೆ ಸೇರುತ್ತಿತ್ತು, ಯಾವುದೋ ರಸ್ತೆಗೆಂದು...

ಹಬ್ಬದ ಬೆಳಿಗ್ಗೆ ಆಟೋದಲ್ಲಿ ಅಪ್ಪ ಮಗಳು ಹಿನಕಲ್‌ಗೆ ಬಂದರು. ಕ್ವಾಲಿಸ್‌ಗೆ ಬಾಳೆಕಂದು ಕಟ್ಟಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿತ್ತು. ಸರೋಜಮ್ಮ ಲೀಲಾಳ ಕೆನ್ನೆ ಸವರಿ, ಸದಾಶಿವಯ್ಯನವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದರು. ಮಂಗಳಾರತಿಯಾಯಿತು. ಪ್ರಸಾದ್ ಕರ್ಪೂರ ಹಚ್ಚಿದ ಕುಂಬಳಕಾಯಿಯನ್ನು ಗಾಡಿಗೆ ನಿವಾಳಿಸಿ, ನಗುತ್ತಾ ರಸ್ತೆಯ ನಡುವೆ ಹೋಗಿ ನಿಂತ. ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದ.

ಅದೇ ನಿಲುವು. ಅದೇ ಕೈ.

ಲೀಲಾ ಓಡಿಹೋಗಿ ಅವನ ತೋಳು ಹಿಡಿದಳು. "ರೋಡ್ ಮೇಲೆ ಬೇಡ!"

"ಎತ್ತಿದ ಕಾಯಿ ತಡೀಬಾರ್ದು ಕಣಮ್ಮ, ಬುಡು," ಎಂದರು ಸರೋಜಮ್ಮ. ಅವರ ದನಿಯಲ್ಲಿ ಹೆದರಿಕೆಯಿತ್ತು. ಹೊಸ ಗಾಡಿ, ಹಬ್ಬದ ದಿನ, ಮನೆಗೆ ಬರಬೇಕಾದ ಹುಡುಗಿಯಿಂದಲೇ ಅಪಶಕುನ.

ಪ್ರಸಾದ್‌ನ ನಗು ಆರಿತು. "ಏನಾಯ್ತು ಲೀಲಾ?"

"ಹೋದ ವರ್ಷ ನೀವು ಇಲ್ಲೇ ನಮ್ಮ ಕಾರು ನಿಲ್ಲಿಸಿ ಕಾಯಿ ಒಡೆದ್ರಿ. ವಾಪಸ್ ಬರುವಾಗ ಒಬ್ಬ ಅದರ ಮೇಲೆ ಜಾರಿ ನಮ್ಮ ಮುಂದೆ ಬಿದ್ದ. ಅವನನ್ನ ತಪ್ಪಿಸೋಕೆ ಹೋಗಿ... ಆ ಮರ ನೋಡಿ. ಅಪ್ಪನ ಕಾಲು ಹೋಗಿದ್ದು ಅಲ್ಲೇ."

ಬಸ್ಸು ಹಾರನ್ ಬಾರಿಸುತ್ತಲೇ ಇತ್ತು. ಅವನು ಮರ ನೋಡಿದ. ಜಗಲಿಯ ಮೇಲಿದ್ದ ಕೋಲು ನೋಡಿದ. ಕರ್ಪೂರ ಉರಿದು ಆರಿತು.

"ಮೊದಲ ದಿನವೇ ಗೊತ್ತಿತ್ತಾ ನಿಮಗೆ?"

ಅವಳು ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಕನ್ನಡೀಲಿ ನೀವು ನನ್ನನ್ನ ನೋಡ್ತಿದ್ದಿದ್ದು..." ಅವನು ಕಾಯಿಯನ್ನು ಒಡೆಯದೆ ತಾಯಿಯ ಕಾಲ ಬಳಿ ಇಟ್ಟು, ತಿರುಗಿ ನೋಡದೆ ನಡೆದುಹೋದ.

ಮುಗಿಯಿತು. ಪ್ರೀತಿ ಎಂದುಕೊಂಡಿದ್ದ ನೋಟವನ್ನು ಅವನು ಈಗ ಕಾವಲು ಎಂದುಕೊಂಡ...

ಮನೆಗೆ ಬಂದ ಮೇಲೆ ಸದಾಶಿವಯ್ಯ ನೇರ ಶೆಡ್ಡಿಗೆ ಹೋಗಿ ಕಾರಿನ ಬಾನೆಟ್ ಒರೆಸಿದರು. ಆಮೇಲೆ, ಹೊಸದಾಗಿ ಬಂದಾಗ ಈ ಫಿಯಟ್ಟಿಗೆ ನಾನೂ ವರ್ಷ ವರ್ಷ ನಡುರಸ್ತೆಯಲ್ಲೇ ಒಡೆದವನಲ್ಲವೇ ಎಂದರು.

"ಆಗ ಒಂದು ಗಾಡಿ ಹೋದ್ರೆ ಇನ್ನೊಂದು ಬರೋ ಹೊತ್ತಿಗೆ ಹಸು ಬಂದು ಪೂರ್ತಿ ತಿಂದು ಹೋಗಿರೋದು ಕಣಮ್ಮ. ಕಾಯಿ ಅದೇ, ಕೈ ಅದೇ. ರೋಡ್ ಬದಲಾಗಿದ್ದು ನಮಗೆ ಗೊತ್ತಾಗ್ಲಿಲ್ಲ. ಅವನಿಗೂ ಗೊತ್ತಾಗ್ಲಿಲ್ಲ."

ಸಂಜೆ ಫೋನ್ ರಿಂಗಾಯಿತು. ಸರೋಜಮ್ಮ. "ನಿಮ್ಮನೇಗೇನಾದ್ರೂ ಬಂದವ್ನಾ ಲೀಲಮ್ಮ? ಬೆಳಗ್ಗೆ ಹೋದೋನು, ಒಂದು ತೊಟ್ಟು ನೀರೂ ಕುಡ್ದಿಲ್ಲ. ಎಲ್ಲವ್ನೋ, ಎಂಗವ್ನೋ..."

ಲೀಲಾ ಫೋನಿಟ್ಟಳು. ಗೂಡಿನಲ್ಲಿದ್ದ ಕಾರಿನ ಕೀ ತೆಗೆದುಕೊಂಡಳು. ಅಪ್ಪ ಏನೂ ಕೇಳದೆ ಬಂದು ಪಕ್ಕದಲ್ಲಿ ಕೂತರು.

ಒಂದು ವರ್ಷದ ಮೇಲೆ ಹಿಡಿದ ಸ್ಟೇರಿಂಗ್. ಅಂಗಡಿ ಅಂಗಡಿಯ ಮುಂದೆ, ಗ್ಯಾರೇಜು ಗ್ಯಾರೇಜಿನ ಮುಂದೆ ಕೆಂಪು ಲೋಳೆ. ಗಾಜಿಗೆ ಅಡ್ಡಲಾಗಿ ಬಾಳೆಕಂದು ಕಟ್ಟಿಕೊಂಡ ಲಾರಿಗಳು ಮುಂದೇನಿದೆಯೆಂದು ಕಾಣದೆಯೇ ನುಗ್ಗುತ್ತಿದ್ದವು. ಒಂದು ಕಡೆ ಜನ ಗುಂಪುಗೂಡಿದ್ದರು. ಮಗುಚಿದ ಬೈಕು. ಒಂಟಿ ಚಪ್ಪಲಿ.

ದೇವರೇ, ಅವನಾಗದಿರಲಿ!

ಅವನಲ್ಲ. ಯಾರೋ ಬೇರೆಯವರು, ಎದ್ದು ಕೂತು ಮೊಣಕೈ ಒರೆಸಿಕೊಳ್ಳುತ್ತಿದ್ದರು. ಅವಳಿಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಹಿನಕಲ್ ಬಂತು. ಮಬ್ಬುಗತ್ತಲಲ್ಲಿ ನಡುರಸ್ತೆಯಲ್ಲಿ ಒಂದು ಬಗ್ಗಿದ ಬೆನ್ನು. ಕೈಯಲ್ಲಿ ಪೊರಕೆ, ಪಕ್ಕದಲ್ಲಿ ಮರಳಿನ ಬಾಂಡಲಿ. ಬಸ್ಸುಗಳು ಅವನನ್ನು ಸವರಿಕೊಂಡು ಹೋಗುತ್ತಿದ್ದವು. ಅವನು ತಲೆ ಎತ್ತುತ್ತಿರಲಿಲ್ಲ. ಅವಳ ಹಿಂದೆ ಒಂದು ಲಾರಿ, ದಾರಿ ಬಿಡು ದಾರಿ ಬಿಡು ಎಂದು ಕಿರುಚುತ್ತಿತ್ತು. ದಾರಿ ಬಿಟ್ಟರೆ ಅದು ನೇರ ಅವನ ಮೇಲೆಯೇ!

ಲೀಲಾ ಬಿಡಲಿಲ್ಲ. ವೇಗ ತಗ್ಗಿಸುತ್ತಾ ತಗ್ಗಿಸುತ್ತಾ ಹೋಗಿ ಫಿಯಟ್ಟನ್ನು ಅವನ ಬೆನ್ನ ಹಿಂದೆ ಅಡ್ಡಲಾಗಿ ನಿಲ್ಲಿಸಿದಳು. ಲಾರಿ ಕಿರ್ರೆಂದು ನಿಂತು, ಬಯ್ಯುತ್ತಾ ಪಕ್ಕದಿಂದ ಹೋಯಿತು. ಸದಾಶಿವಯ್ಯ ಕಿಟಕಿಯಿಂದ ಕೋಲು ಹೊರಗೆ ಚಾಚಿ, ಬರುವ ಗಾಡಿಗಳಿಗೆಲ್ಲ ನಿಧಾನ ನಿಧಾನ ಎಂದು ಬೀಸತೊಡಗಿದರು.

ಪ್ರಸಾದ್ ತಿರುಗಿ ನೋಡಿದ. ಅಂಗಿಯೆಲ್ಲ ಕುಂಕುಮ, ಬೆವರು.

"ಯಾಕ್ ಬಂದ್ರಿ? ಇವತ್ತು ಗಾಡಿ ಹೊರಗೆ ತೆಗೆಯೋ ದಿನಾನಾ?"

"ನೀವು ನಿಂತಿರೋದು ನಿಲ್ಲೋ ಜಾಗಾನಾ?"

ಅವನು ಬಾಂಡಲಿಯಿಂದ ಮರಳು ಎತ್ತಿ ಎರಚಿದ. "ಎಲ್ಲೆಲ್ಲೋ ಅಲೆದು ಈಗ ವಾಪಸ್ ಬಂದೆ, ನಮ್ಮನೆ ಮುಂದಿಂದ ಶುರು ಮಾಡ್ದೆ. ಗುಡಿಸಿದಷ್ಟೂ ಇದೆ." ಆಮೇಲೆ ದನಿ ತಗ್ಗಿಸಿ ಕೇಳಿದ. "ಕಳ್ಳನ್ನ ಕಾಯೋ ಹಾಗೆ ಕಾಯ್ತಿದ್ರಾ ನನ್ನ?"

"ಮೊದಮೊದಲು ಹೌದು."

"ಆಮೇಲೆ?"

"ಆಮೇಲೆ ಹಂಪು ಬಂದಾಗಲೆಲ್ಲ ನೀವು ಅಪ್ಪನ ಕಾಲು ನೋಡೋದನ್ನ ನೋಡ್ತಿದ್ದೆ. ಹೇಳಿದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ ಹೇಳ್ಲಿಲ್ಲ. ಅದು ನನ್ನ ತಪ್ಪು."

ಅವನ ಕಣ್ಣು ತುಂಬಿದ್ದು ಕಾರಿನ ದೀಪದಲ್ಲಿ ಅವಳಿಗೆ ಕಂಡಿತು. ಅವಳು ಅವನ ಕೈಯಿಂದ ಪೊರಕೆ ತೆಗೆದುಕೊಂಡು, ಉಳಿದಿದ್ದ ಲೋಳೆಯನ್ನು ಅಂಚಿಗೆ ತಳ್ಳಿದಳು.

"ಭಾನುವಾರ ಬನ್ನಿ," ಎಂದಳು.

"ಈ ಕೈಗೆ ಇನ್ನು ಸ್ಟೇರಿಂಗ್ ಕೊಡ್ತೀರಾ?"

"ಇಲ್ಲ. ಓಡ್ಸೋದು ನಾನು. ನೀವು ಹಿಂದೆ ಕೂತ್ಕೊಳ್ಳಿ. ಕನ್ನಡೀಲಿ ನಾನು ಕೇಳ್ತೀನಿ, ನೀವು ಉತ್ತರ ಹೇಳಿ."

"ಉತ್ತರ ಈಗ್ಲೇ ಗೊತ್ತಲ್ಲ ಲೀಲಾ..."

"ಆದ್ರೂ ಬನ್ನಿ."

ಅಷ್ಟರಲ್ಲಿ ಇಲವಾಲದ ಕಡೆಯಿಂದ ಒಂದು ಸ್ಕೂಟರ್ ವೇಗವಾಗಿ ಬಂತು. ಹಿಂದೆ ಅಡ್ಡಲಾಗಿ ಕೂತ ಹೆಂಗಸು, ತಲೆತುಂಬ ಹೂವು, ತೊಡೆಯ ಮೇಲೊಂದು ಬುಟ್ಟಿ. ಸದಾಶಿವಯ್ಯನವರ ಕೋಲನ್ನು ಸವಾರ ನೋಡಲಿಲ್ಲ. ಲೀಲಾಳ ಬೆರಳು ಪ್ರಸಾದ್‌ನ ಬೆರಳುಗಳನ್ನು ಹುಡುಕಿ ಹಿಡಿಯಿತು.

ಚಕ್ರ ಆ ಜಾಗಕ್ಕೆ ಬಂತು. ಮರಳು ಕರಕರ ಎಂದಿತು.

ಸ್ಕೂಟರ್ ದಾಟಿ ಹೋಯಿತು.