ಅಂಚು ಮುರಿದ ನೀಲಿ ಗುಂಡಿ

ಗುರುವಾರ ಸಂಜೆ ಆರು ಹೊಡೆಯುತ್ತಿದ್ದಂತೆ ಟೈಲರಮ್ಮ ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿ ಪಕ್ಕಕ್ಕಿಟ್ಟು, ಸೀಮೆಸುಣ್ಣದಿಂದ ಒಂದು ಮೈದಾನ ಬರೆದಳು. ನಡುವೆ ಗೆರೆ, ಗೆರೆಯ ಮೇಲೊಂದು ವೃತ್ತ, ಎರಡು ತುದಿಗೆ ಎರಡು ಗೋಲು. ಆಮೇಲೆ ಗುಂಡಿಗಳ ಡಬ್ಬ ತೆರೆದಳು.

ಶನಿವಾರ ಪಂದ್ಯವಿದ್ದರೆ ಗುರುವಾರ ಟೈಲರಮ್ಮನ ಅಂಗಡಿಯಲ್ಲಿ ತಂಡ ಕಟ್ಟುವುದು ಆ ಬೀದಿಯ ಫುಟ್‌ಬಾಲ್ ಹುಚ್ಚರ ರೂಢಿ. ಬಿಳಿ ಶರಟಿನ ಗುಂಡಿಗಳು ನಮ್ಮವರು, ಕಪ್ಪು ಕೋಟಿನ ಗುಂಡಿಗಳು ಎದುರಾಳಿಗಳು. ಗೋಲ್‌ಕೀಪರಿಗೆ ಹಿತ್ತಾಳೆಯದು. ನಮ್ಮವರಲ್ಲಿ ಇನ್ನೊಬ್ಬನಿಗೆ ಮಾತ್ರ ಬಣ್ಣ. ಎಡಗಡೆಯ ಬ್ಯಾಕ್, ಮೂರನೇ ನಂಬರ್. ಎರಡು ಸಲ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಎರಡು ಸಲವೂ ಎದ್ದು ಬಂದವನು. ಅವನಿಗೆಂದೇ ಅವಳು ಅಂಚು ಮುರಿದ ಒಂದು ನೀಲಿ ಗುಂಡಿ ಆರಿಸಿಟ್ಟಿದ್ದಳು. ಆರು ವರ್ಷದಿಂದ ಯಾರು ಏನೇ ಅಂದರೂ ಅದನ್ನು ಎಡಮೂಲೆಯಿಂದ ಕದಲಿಸಲು ಬಿಟ್ಟವಳಲ್ಲ.

ಸರದಿಯ ಮೇಲೆ ಎಲ್ಲರೂ ತಮ್ಮ ತಮ್ಮ ಹನ್ನೊಂದು ಜನರನ್ನು ಜೋಡಿಸಿ ತೋರಿಸಬೇಕು. ಪಕ್ಕದಂಗಡಿಯ ವಾಚ್ ರಿಪೇರಿಯವನದು ಯಾವಾಗಲೂ ಕೊನೆಯ ಸರದಿ. ಅವನು ಒಮ್ಮೆ ಅವಳ ಮುಖ ನೋಡುತ್ತಿದ್ದ. ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಅವನ ಬಲಗಣ್ಣಿನ ಸುತ್ತ ಒಂದು ತೆಳ್ಳನೆಯ ಕೆಂಪು ಉಂಗುರ ಮೂಡಿರುತ್ತಿತ್ತು. ನೋಡಿ, ಅವಳು ಇಟ್ಟ ಹಾಗೇ ಇಟ್ಟು, "ನಂದೂ ಇದೇ" ಎನ್ನುತ್ತಿದ್ದ. ನಾಲ್ಕು ವರ್ಷದಿಂದ ಅದೇ ಮಾತು. ಒಂದು ಸಲ ಹನ್ನೆರಡು ಗುಂಡಿ ಇಟ್ಟಿದ್ದ. ಕೈತಪ್ಪು ಎಂದು ಎಲ್ಲರೂ ನಕ್ಕು ಒಂದನ್ನು ತೆಗೆದಿದ್ದರು.

ಪಂದ್ಯದ ದಿನ ಕ್ರೀಡಾಂಗಣದಲ್ಲಿ ಕಂಬದ ಪಕ್ಕದ ಇಬ್ಬರ ಬೆಂಚು ಅವರಿಬ್ಬರದು. ಕೂಗಾಟ ಅವಳದು, ಹೊತ್ತು ನೋಡುವ ಕೆಲಸ ಅವನದು. "ಇನ್ನೆಷ್ಟು ನಿಮಿಷ?" ಎಂದು ಅವಳು ಕೇಳಿದರೆ ಸ್ಟಾಪ್‌ವಾಚು ನೋಡಿ ಸೆಕೆಂಡಿನ ಸಮೇತ ಹೇಳುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಬಂದಿರಲಿಲ್ಲ. ಬರುತ್ತದೆ, ಬರಲೇಬೇಕು, ಅವಸರವೇನು ಎಂದು ಅವಳು ನಿಶ್ಚಿಂತೆಯಿಂದ ಇದ್ದಳು.

ಮೂರು ವಾರದ ಹಿಂದಿನವರೆಗೆ.

ಎದುರಿನ ಕ್ಲಿನಿಕ್ಕಿಗೆ ಹೊಸದಾಗಿ ಬಂದ ಫಿಸಿಯೋ ಮೇಡಂ ತನ್ನ ಬಿಳಿ ಕೋಟಿನ ಜೇಬು ಹೊಲಿಸಲು ಬಂದವಳು, ಮೇಜಿನ ಮೇಲಿನ ಮೈದಾನ ನೋಡಿ, "ಅಯ್ಯೋ, ನಿಮ್ಮ ಮಿಡ್‌ಫೀಲ್ಡ್ ಪೂರ್ತಿ ಖಾಲಿ ಬಿದ್ದಿದೆಯಲ್ರೀ!" ಎಂದು ಸ್ಟೂಲ್ ಎಳೆದುಕೊಂಡು ಕೂತಿದ್ದಳು. ಅಂದಿನಿಂದ ಎದ್ದಿಲ್ಲ.

ಇವತ್ತೂ ಅವಳೇ ಮೊದಲು ಬಾಯಿ ತೆಗೆದಳು. ಶನಿವಾರದ್ದು ಕೊನೆಯ ಪಂದ್ಯ. ಡ್ರಾ ಆದರೂ ಸಾಕು, ಸೋತರೆ ತಂಡ ಕೆಳಗಿನ ವಿಭಾಗಕ್ಕೆ ಬೀಳುತ್ತದೆ.

"ಹಿಂದೆ ನಾಲ್ಕು ಜನ ಬೇಡ, ಮೂರೇ ಸಾಕು," ಎಂದಳು ಮೇಡಂ. "ಮೂರನೇ ನಂಬರ್ ಇರ್ಲಿ, ಆದ್ರೆ ಮೂಲೇಲಿ ಬೇಡ. ಅಲ್ಲಿ ಅವ್ರನ್ನ ಓಡಿಸಿ ಸಾಯಿಸ್ತಾರೆ. ನಡುವಿಗೆ ತನ್ನಿ, ಅನುಭವ ಕೆಲಸಕ್ಕೆ ಬರುತ್ತೆ."

"ಆ ಮುದುಕನ್ನ ಮನೆಗೆ ಕಳ್ಸಿ ಅಂತ ನಾನು ಆರು ವರ್ಷದಿಂದ ಬಡ್ಕೊಳ್ತಾ ಇದೀನಿ," ಎಂದ ಡ್ರೈವರಣ್ಣ. ದಿನವಿಡೀ ಸಿಟಿ ಬಸ್ಸು ಓಡಿಸಿ ಬಂದು, ಇಲ್ಲಿ ತಂಡವನ್ನೂ ತಾನೇ ಓಡಿಸಬೇಕೆನ್ನುವ ಮನುಷ್ಯ. "ಟೈಲರಮ್ಮ ಬಿಡ್ಬೇಕಲ್ಲ!"

ಟೈಲರಮ್ಮ ನಕ್ಕು, ಎಂದಿನಂತೆ ವಾಚಿನವನ ಕಡೆ ತಿರುಗಿದಳು. ಅವನು ಮೇಜಿನ ಮೇಲೆ ಬಗ್ಗಿದ್ದ. ಸಣ್ಣ ಸಣ್ಣ ಸ್ಕ್ರೂಗಳಿಗೆ ಪಳಗಿದ ಅವನ ಬೆರಳು ನೀಲಿ ಗುಂಡಿಯ ಮೇಲೆ ಬಂದು ನಿಂತಿತು. ಒಂದು ಕ್ಷಣ ತಡೆಯಿತು. ಮತ್ತೆ ಅದನ್ನು ಮೆಲ್ಲಗೆ ಎಡಮೂಲೆಯಿಂದ ನಡುವಿಗೆ ಜಾರಿಸಿತು.

"ಮೇಡಂ ಹೇಳೋದೂ ಸರಿ ಅನ್ಸುತ್ತೆ," ಎಂದ. "ನಡುವೆ ಇದ್ರೆ ಮೊಣಕಾಲಿಗೆ ಭಾರ ಕಮ್ಮಿ."

ಮೇಡಂ ಚಪ್ಪಾಳೆ ತಟ್ಟಿದಳು. "ಶಭಾಷ್! ಕಲಿತುಬಿಟ್ರಲ್ಲ!"

ಅವನ ಕಿವಿ ಕೆಂಪಾಯಿತು. ಆ ಕೆಂಪನ್ನು ಟೈಲರಮ್ಮ ನೋಡಿದಳು. ನಾಲ್ಕು ವರ್ಷ ಪಕ್ಕದಲ್ಲಿ ಕೂತ ಅವಳಿಗಾಗಿ ಒಂದು ದಿನವಾದರೂ ಆ ಕಿವಿ ಹಾಗೆ ಕೆಂಪಾಗಿತ್ತೇ? ಎದೆಯೊಳಗೆ ಯಾರೋ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತ ಹಾಗಾಯಿತು.

"ನನ್ನ ಕೇಳಿದ್ರೆ," ಎಂದಳು, ದನಿ ತನ್ನದಲ್ಲವೆಂಬಂತೆ, "ಮೂರನೇ ನಂಬರ್ ಬೇಡವೇ ಬೇಡ."

ನೀಲಿ ಗುಂಡಿಯನ್ನು ಎರಡು ಬೆರಳಲ್ಲಿ ಎತ್ತಿ ಚೂರುಬಟ್ಟೆಯ ಬುಟ್ಟಿಗೆ ಎಸೆದಳು.

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅವಳ ಚಿಕ್ಕಮ್ಮನ ಸೂಜಿ ನಿಂತಿತು.

"ಏನಮ್ಮಾ ತಂಗಿ, ಜ್ವರ ಗಿರ ಬಂದಿದೆಯಾ?" ಎಂದ ಡ್ರೈವರಣ್ಣ.

"ಜ್ವರ ಯಾಕೆ ಬರುತ್ತೆ? ಕಣ್ಣು ಕಾಣುತ್ತೆ ನಂಗೆ. ಹೋದ ಪಂದ್ಯದಲ್ಲಿ ತಿರುಗೋಕೆ ಎಷ್ಟು ಹೊತ್ತು ತಗೊಂಡ? ನಿನ್ನ ಬಸ್ಸೇ ಬೇಗ ತಿರುಗುತ್ತೆ. ಹಳೇದು ಅಂತ ಎಷ್ಟು ದಿನ ಇಟ್ಕೊಳ್ಳೋದು? ಎಲ್ರಿಗೂ ಹೊಸದೇ ಚೆಂದ ಕಾಣೋ ಕಾಲ ಇದು."

ಕೊನೆಯ ಮಾತು ಫುಟ್‌ಬಾಲಿನದಲ್ಲವೆಂದು ಚಿಕ್ಕಮ್ಮನಿಗೆ ತಿಳಿಯಿತು. ಡ್ರೈವರಣ್ಣನಿಗೆ ತಿಳಿಯಲಿಲ್ಲ, ಆರು ವರ್ಷದ ವಾದ ಗೆದ್ದ ಖುಷಿಯಲ್ಲಿ ಅವನು ಟೋಪಿ ಹಾರಿಸುತ್ತಿದ್ದ.

ಮೇಡಂ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ವಾಚಿನವನಿಗೆ ಹೇಳಿದಳು, "ಶನಿವಾರ ಆ ಕಂಬದ ಪಕ್ಕ ನಾನು ಕೂತ್ಕೊಳ್ಲಾ? ಅಲ್ಲಿಂದ ಇಡೀ ಮೈದಾನ ಕಾಣುತ್ತಂತಲ್ಲ. ಆಟ ನಡೀತಾ ಇರೋವಾಗ್ಲೇ ತೋರಿಸ್ಬಹುದು."

ಅವನು ತಲೆಯೆತ್ತಿ ಟೈಲರಮ್ಮನನ್ನು ನೋಡಿದ. ಅವನು ಏನಾದರೂ ಹೇಳುವ ಮೊದಲೇ ಅವಳು ಹೇಳಿಬಿಟ್ಟಳು.

"ಧಾರಾಳವಾಗಿ ಕೂತ್ಕೊಳ್ಳಿ. ಅದೇನು ನನ್ನಪ್ಪನ ಮನೆ ಬೆಂಚಾ? ನಾನು ಡ್ರೈವರಣ್ಣನ ಜೊತೆ ಕೂರ್ತೀನಿ."

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಅವಳು ಒಂದು ರವಿಕೆಯ ಎಡತೋಳನ್ನು ಬಲಗಡೆಗೆ ಹೊಲಿದಿದ್ದಳು.

"ಬಿಚ್ಚು ಅದನ್ನ," ಎಂದಳು ಚಿಕ್ಕಮ್ಮ. "ಹಾಕ್ಕೊಳ್ಳೋರು ಹಿಂದುಮುಂದಾಗಿ ನಡೀಬೇಕಾ?"

"ಬೆಳಕು ಸರಿ ಇಲ್ಲ."

"ಬೆಳಕು ಸರಿಯಾಗೇ ಇದೆ ಕಣೇ. ಹೊಟ್ಟೆಯೊಳಗಿನ ಹೊಗೆ ಕಣ್ಣಿಗೆ ಬಂದಿದೆ. ಅವನು ಎರಡು ಸಲ ಬಾಗಿಲಿಗೆ ಬಂದ. ಎರಡು ಸಲವೂ ನೀನು ಮಷೀನು ಜೋರಾಗಿ ತುಳಿದೆ."

"ಸುಮ್ನಿರು ಚಿಕ್ಕಮ್ಮ."

"ನಾನು ಸುಮ್ನಿರ್ತೀನಿ. ನೀನು ಮಾತಾಡ್ಬೇಕಾದ ಕಡೆ ಮಾತಾಡು."

ಸಂಜೆ ಅವಳು ಗೋಡೆಗಡಿಯಾರ ಕೆಳಗಿಳಿಸಿದಳು. ಅದು ಸರಿಯಾಗಿಯೇ ನಡೆಯುತ್ತಿತ್ತು. ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ, ಕಂಕುಳಲ್ಲಿ ಇರುಕಿಕೊಂಡು, ಹೆರಳು ಸರಿಮಾಡಿಕೊಂಡು ಪಕ್ಕದಂಗಡಿಗೆ ಹೊರಟಳು. ಗಡಿಯಾರ ನಿಧಾನವಾಗಿದೆ ಎನ್ನುವುದು. ಅವನು ಬಿಚ್ಚಿ ನೋಡುವಾಗ, ಬೆಂಚಿನ ವಿಷಯ ತಮಾಷೆಗೆ ಅಂದದ್ದು ಎನ್ನುವುದು. ಅಷ್ಟೇ.

ಬಾಗಿಲಲ್ಲೇ ಅವಳ ಕಾಲು ನಿಂತಿತು.

ಗಾಜಿನ ಕೌಂಟರಿನ ಮೇಲೆ ಎರಡು ತಲೆಗಳು ಬಗ್ಗಿದ್ದವು. ನಡುವೆ ಒಂದು ಬಿಳಿ ಕಾಗದ, ಕಾಗದದ ಮೇಲೆ ಪೆನ್ಸಿಲಿನ ಮೈದಾನ, ಅದರ ತುಂಬ ವಾಚಿನ ಹಲ್ಲುಚಕ್ರಗಳು. ಬಂಗಾರದ ಬಣ್ಣದ ಹನ್ನೊಂದು ಒಂದು ಕಡೆ, ಬೆಳ್ಳಿ ಬಣ್ಣದ ಹನ್ನೊಂದು ಇನ್ನೊಂದು ಕಡೆ. ಚಿಮಟದಿಂದ ಒಂದು ಚಕ್ರವನ್ನೆತ್ತಿ ಅವನು ಎಲ್ಲೋ ಇಟ್ಟ. ಮೇಡಂ ನಕ್ಕು ಅವನ ಮಣಿಕಟ್ಟು ಹಿಡಿದು ಚಿಮಟವನ್ನು ಪಕ್ಕಕ್ಕೆ ಸರಿಸಿದಳು.

ಟೈಲರಮ್ಮ ಗಡಿಯಾರವನ್ನೆತ್ತಿಕೊಂಡು ಹಾಗೇ ಹಿಂತಿರುಗಿದಳು. ಕೈ ಹಿಡಿದದ್ದಕ್ಕಲ್ಲ, ರೋಗಿಗಳ ಕೈಕಾಲು ಹಿಡಿಯುವವಳು, ಅಭ್ಯಾಸಬಲ ಎನ್ನಬಹುದಿತ್ತು. ಚುಚ್ಚಿದ್ದು ಆ ಚಕ್ರಗಳು. ತನ್ನ ಗುಂಡಿಗಳಿದ್ದವಲ್ಲ? ಅವನು ಇನ್ನೊಬ್ಬಳಿಗಾಗಿ ಇನ್ನೊಂದು ಮೈದಾನ ಮಾಡಿದ್ದ. ಅದೂ ಎಷ್ಟು ಚೆಂದದ್ದು, ಎಷ್ಟು ಹೊಳೆಯುವಂಥದ್ದು.

ಆ ಸಂಜೆ ಅಂಗಡಿಯ ಗಡಿಯಾರ ಹತ್ತು ನಿಮಿಷ ಹಿಂದೆಯೇ ನಡೆಯಿತು. ಸರಿಮಾಡಲು ಅವಳಿಗೆ ಮನಸ್ಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಬಾಗಿಲು ತೆರೆಯುವಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಎದ್ದು ನಿಂತ. ಮಡಚಿದ ಅಂಗೈ ಮುಂದೆ ಮಾಡಿ ಬಿಡಿಸಿದ. ಅಂಚು ಮುರಿದ ನೀಲಿ ಗುಂಡಿ.

"ಬುಟ್ಟಿಯಿಂದ ತೆಗೆದಿಟ್ಕೊಂಡಿದ್ದೆ," ಎಂದ. "ಅವತ್ತು ನೀವು ಎಸೆದ ಮೇಲೆ."

"ಮೇಡಂಗೆ ಕೊಡಿ. ನಡುವೆ ಇಟ್ಕೊಳ್ಳಲಿ." ಅವಳು ಪೊರಕೆ ಹುಡುಕತೊಡಗಿದಳು. ಪೊರಕೆ ಕೈಯಲ್ಲೇ ಇತ್ತು.

"ಒಂದು ವಿಷಯ ಹೇಳ್ಬೇಕು. ನಗಬಾರ್ದು."

"ನಗೋ ಸ್ಥಿತೀಲಿ ಇದೀನಾ ನಾನು?"

"ನಂಗೆ ಫುಟ್‌ಬಾಲ್ ಬರಲ್ಲ."

"ಆಡೋಕೆ ಇಲ್ಲಿ ಯಾರಿಗೆ ಬರುತ್ತೆ?"

"ಆಡೋಕಲ್ಲ. ನೋಡೋಕೂ ಬರಲ್ಲ. ಯಾರು ಯಾಕೆ ಎಲ್ಲಿ ಓಡ್ತಾರೆ, ಒಂದೂ ತಿಳಿಯಲ್ಲ. ಅವತ್ತು ಹನ್ನೆರಡು ಗುಂಡಿ ಇಟ್ಟಿದ್ದು ಕೈತಪ್ಪಲ್ಲ. ಎಷ್ಟು ಜನ ಅಂತ ಆಗ ಗೊತ್ತಿರ್ಲಿಲ್ಲ."

ಪೊರಕೆ ಅವಳ ಕೈಯಲ್ಲೇ ನಿಂತಿತು. "ನಾಲ್ಕು ವರ್ಷ?"

"ನಾಲ್ಕು ವರ್ಷ."

"ಮತ್ತೆ ಯಾಕೆ ಬರ್ತಿದ್ರಿ?"

ಅವನ ಕಿವಿ ಕೆಂಪಾಯಿತು. ಗುರುವಾರದ ಕೆಂಪು ಇದರ ಮುಂದೆ ಏನೂ ಅಲ್ಲ. ಇದು ಕುತ್ತಿಗೆಯವರೆಗೂ ಇಳಿಯಿತು.

"ಹೋದ ತಿಂಗಳು ನೀವು ಚಿಕ್ಕಮ್ಮನ ಹತ್ರ ಅಂದ್ರಿ," ಎಂದ ಕೊನೆಗೆ. "ಎಲ್ಲದಕ್ಕೂ ಹೂಂ ಅನ್ನೋನ ಜೊತೆ ಮಾತಾಡೋದು ಗೋಡೆಗೆ ಚೆಂಡು ಹೊಡೆದ ಹಾಗೆ ಅಂತ. ನಾನು ಬಾಗಿಲಲ್ಲೇ ಇದ್ದೆ."

ಅವಳಿಗೆ ನೆನಪಾಯಿತು. ನಗುನಗುತ್ತ ಅಂದು, ಅಲ್ಲೇ ಮರೆತಿದ್ದ ಮಾತು. ಅವನೂ ನಕ್ಕಿದ್ದನಲ್ಲ?

"ನಿಮ್ಮ ಜೊತೆ ಜಗಳ ಆಡೋಕಾದ್ರೂ ಸ್ವಲ್ಪ ಕಲೀಬೇಕು ಅನ್ನಿಸ್ತು. ಮೇಡಂನ ಕೇಳ್ಕೊಂಡೆ. ಗಡಿಯಾರದ ಚಕ್ರ ಇಟ್ಟು ಹೇಳ್ಕೊಟ್ರು. ಆ ಬೆಂಚಿನಲ್ಲಿ ಕೂತ್ಕೊಳ್ತೀನಿ ಅಂತ ಅವ್ರು ಅಂದಿದ್ದೂ ಅದಕ್ಕೇ."

"ನನ್ನನ್ನೇ ಕೇಳ್ಬಾರ್ದಿತ್ತಾ?" ದನಿಯಲ್ಲಿ ಇನ್ನೂ ಕಿಡಿ ಉಳಿದಿತ್ತು. "ಅವರು ಮಣಿಕಟ್ಟು ಹಿಡಿದು ಕಲಿಸ್ಬೇಕಿತ್ತಾ?"

"ನೋಡಿದ್ರಾ?"

"ಗಡಿಯಾರ ತಂದಿದ್ದೆ."

"ಕೆಟ್ಟಿತ್ತಾ?"

"ನಾನೇ ಕೆಡಿಸಿದ್ದೆ."

ಒಳಗೆ ಚಿಕ್ಕಮ್ಮ ಯಾವ ಕಾರಣವೂ ಇಲ್ಲದೆ ಕೆಮ್ಮಿದಳು.

"ನಿಮ್ಮನ್ನ ಕೇಳಿದ್ರೆ ನಾಲ್ಕು ವರ್ಷದ ಸುಳ್ಳು ಬೀದಿಗೆ ಬರ್ತಿತ್ತು," ಎಂದ ಅವನು. "ಆಮೇಲೆ ಆ ಬೆಂಚಿನಲ್ಲಿ ಕೂರೋಕೆ ನಂಗೇನು ನೆಪ ಇರ್ತಿತ್ತು? ನಿನ್ನೆ ಮೇಡಂ ಬೈದ್ರು. 'ಆರು ವರ್ಷದಿಂದ ಇಟ್ಟ ಗುಂಡಿನ ಅವ್ರು ಮೊಣಕಾಲಿನ ಮಾತಿಗೆ ಎಸೆದಿದ್ದಲ್ಲ. ಪಾಠ ಸಾಕು, ಹೋಗಿ ಬಾಯಿಬಿಟ್ಟು ಹೇಳಿ' ಅಂದ್ರು."

ಅವಳು ಅವನ ಅಂಗೈಯಿಂದ ಗುಂಡಿ ತೆಗೆದುಕೊಂಡಳು. ಅದು ಬೆಚ್ಚಗಿತ್ತು. ತುಂಬ ಹೊತ್ತು ಹಿಡಿದುಕೊಂಡು ಕೂತಿದ್ದಿರಬೇಕು.

"ಹೊಟ್ಟೆಕಿಚ್ಚು," ಎಂದಳು ನೆಲ ನೋಡುತ್ತ. "ಬರೀ ಹೊಟ್ಟೆಕಿಚ್ಚಿಗೆ ಎಸೆದೆ. ನೀನು ಅವರ ಮಾತಿಗೆ ಹೂಂ ಅಂದಿದ್ದು ತಡ್ಕೊಳ್ಳೋಕಾಗ್ಲಿಲ್ಲ."

'ನೀನು' ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ತಿದ್ದಲಿಲ್ಲ.

ಮಧ್ಯಾಹ್ನ ಕ್ರೀಡಾಂಗಣದಲ್ಲಿ ಮೇಡಂ ತಾನಾಗಿಯೇ ಡ್ರೈವರಣ್ಣನ ಪಕ್ಕ ಹೋಗಿ ಕೂತಳು. ಕೂತ ಎರಡೇ ನಿಮಿಷಕ್ಕೆ ಅವರಿಬ್ಬರ ಜಗಳ ಮೂರು ಸಾಲಿನವರೆಗೆ ಕೇಳಿಸುತ್ತಿತ್ತು. ಕಂಬದ ಪಕ್ಕದ ಬೆಂಚಿನಲ್ಲಿ ಮಾತ್ರ ಹೊಸ ನಾಚಿಕೆ. ನಾಲ್ಕು ವರ್ಷ ಕೂತ ಜಾಗವೇ ಇಂದು ಇಕ್ಕಟ್ಟಾಗಿತ್ತು, ಅಥವಾ ಇಬ್ಬರೂ ನಡುವಿಗೆ ಸರಿದಿದ್ದರು.

ಧ್ವನಿವರ್ಧಕ ತಂಡದ ಹೆಸರು ಓದಿತು. ಹನ್ನೊಂದು ಜನರಲ್ಲಿ ಮೂರನೇ ನಂಬರ್ ಇರಲಿಲ್ಲ. ಅವನನ್ನು ಬದಲಿ ಆಟಗಾರರ ಜೊತೆ ಕೂರಿಸಿದ್ದರು.

"ನೋಡಿದ್ಯಾ ತಂಗಿ!" ಡ್ರೈವರಣ್ಣ ಕೆಳಗಿನಿಂದ ಕೂಗಿದ. "ನೀನು ಹೇಳಿದ್ದೇ ಆಯ್ತು!"

ಅವಳ ಕಣ್ಣು ತುಂಬಿತು. "ನನ್ನ ಹೊಟ್ಟೆಕಿಚ್ಚು ಕೋಚ್‌ವರೆಗೂ ಹೋಗಿ ಮುಟ್ತಾ?"

"ಇಲ್ಲ," ಎಂದ ಅವನು. "ಮೊಣಕಾಲು ಉಳಿಸ್ಕೊಳ್ತಿದಾರೆ. ಎರಡನೇ ಅರ್ಧದಲ್ಲಿ ಎದುರಾಳಿ ಸುಸ್ತಾದ ಮೇಲೆ ಇಳಿಸ್ತಾರೆ. ನೋಡ್ತಿರು."

"ಇಳಿಸಲ್ಲ."

"ಇಳಿಸ್ತಾರೆ."

"ನಿಂಗೇನು ಗೊತ್ತು? ಮೂರು ವಾರದ ವಿದ್ಯಾರ್ಥಿ!"

"ಇಳಿಸ್ತಾರೆ ಅಂದೆನಲ್ಲ."

ಅವಳು ಅವನತ್ತ ತಿರುಗಿ ಕಣ್ಣರಳಿಸಿ ನೋಡಿದಳು. ಹೂಂ ಎನ್ನದ ಅವನು ಎಷ್ಟು ಚೆನ್ನಾಗಿದ್ದ! ಬೇಕೆಂದೇ ಇನ್ನೊಂದು ಸಲ "ಇಳಿಸಲ್ಲ" ಎಂದಳು.

ಇಳಿಸಿದರು. ಒಂದಕ್ಕೊಂದು ಗೋಲು ಸಮವಾಗಿದ್ದಾಗ, ಇನ್ನೊಂದು ಗೋಲು ಬಿದ್ದರೆ ಎಲ್ಲ ಮುಗಿಯುವ ಹೊತ್ತಿನಲ್ಲಿ, ಮೂರನೇ ನಂಬರ್ ಬಗ್ಗಿ ಹುಲ್ಲು ಮುಟ್ಟಿ ಒಳಗೆ ಓಡಿದ. ನೇರವಾಗಿ ಎಡಮೂಲೆಗೆ. ಅವಳು ಎದ್ದು ನಿಂತು ಕೂಗಿದಳು, ಗಂಟಲು ಕಟ್ಟುವವರೆಗೆ. ನೀಲಿ ಗುಂಡಿ ಅವಳ ಮುಷ್ಟಿಯಲ್ಲಿತ್ತು, ಮುಷ್ಟಿ ಯಾವಾಗಲೋ ಅವನ ಕೈಯೊಳಗೆ ಸೇರಿತ್ತು.

ಎದುರಾಳಿಗಳು ಮತ್ತೆ ಮತ್ತೆ ನುಗ್ಗಿ ಬರುತ್ತಿದ್ದರು. ಅವಳು ಕೇಳಿದಳು, "ಇನ್ನೆಷ್ಟು ನಿಮಿಷ?"

ತಿರುಗಿ ನೋಡಿದಳು. ಅವನ ಎಡಗೈಯ ಸ್ಟಾಪ್‌ವಾಚು ಸೊನ್ನೆಯಲ್ಲೇ ನಿಂತಿತ್ತು. ಅವನು ಅವಳನ್ನೇ ನೋಡುತ್ತಿದ್ದ.

"ಒತ್ತೋಕೆ ಮರೆತೆ," ಎಂದ.

"ನಾಲ್ಕು ವರ್ಷದಲ್ಲಿ ನಿಂಗೆ ಬರ್ತಿದ್ದಿದ್ದು ಅದೊಂದೇ ಕೆಲಸ!" ಎಂದು ಅವಳು ಬೈದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.