ಬಾಟಲಿಯಲ್ಲೇ ಉಳಿದ ಸೆನ್ಸರ್

ಲೋಹಕ್ಕೆ ಲೇಪ ಹಾಕುವ ಆ ಕಾರ್ಖಾನೆಯಲ್ಲಿ ಮೀಟರ್ ರಿಪೇರಿಯವನನ್ನು ಎಲ್ಲರೂ ‘ಮೀಟರ್’ ಅಂತಲೇ ಕರೆಯುತ್ತಿದ್ದರು. ಲ್ಯಾಬಿನ ಕೆಮಿಸ್ಟ್ ಮಾತ್ರ, ಸುತ್ತ ಯಾರೂ ಇಲ್ಲದಾಗ, ‘ರೀ’ ಎನ್ನುತ್ತಿದ್ದಳು. ಅಷ್ಟಕ್ಕೇ ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡಲೆಂದೇ ಅವಳು ಇನ್ನೊಮ್ಮೆ ಕರೆಯುತ್ತಿದ್ದಳು.

ಕೊಳೆನೀರಿನ ತೊಟ್ಟಿಯಲ್ಲಿ ಒಂದು ಸೆನ್ಸರ್ ಸದಾ ಮುಳುಗಿರುತ್ತಿತ್ತು. ನೀರಿನ ಆಮ್ಲ ಹೆಚ್ಚಿ ಪಿಎಚ್ ಅಂಕಿ ಏಳಕ್ಕಿಂತ ಕೆಳಗಿಳಿದರೆ ಕಂಟ್ರೋಲರ್ ತಾನೇ ಪಂಪ್ ಓಡಿಸಿ ಕ್ಷಾರ ಸುರಿಸುತ್ತಿತ್ತು. ಏಳು ಮುಟ್ಟಿದರೆ ನಿಲ್ಲಿಸುತ್ತಿತ್ತು. ಪ್ರತಿ ಸೋಮವಾರ ಅವನು ಸೆನ್ಸರನ್ನು ತೆಗೆದು ತೊಳೆದು, ಸರಿಯಾಗಿ ಏಳೇ ತೋರಿಸುವ ದ್ರಾವಣದ ಬಾಟಲಿಯಲ್ಲಿ ಅದ್ದಿ ಪರೀಕ್ಷಿಸುತ್ತಿದ್ದ. ಬಾಟಲಿಯನ್ನು ಅವಳು ಹಿಡಿದುಕೊಳ್ಳುತ್ತಿದ್ದಳು. ಯಾರೂ ಹಿಡಿಯಬೇಕಾದ ಅಗತ್ಯವೇ ಇರಲಿಲ್ಲ.

ಆ ಸೋಮವಾರ ಅವಳು, ಅಕ್ಕನಿಗೆ ನಮ್ಮ ವಿಷಯ ಹೇಳಿದ್ದೇನೆ, ಭಾನುವಾರ ಮನೆಗೆ ಬರಬೇಕಂತೆ ಎಂದಳು. ಖುಷಿಯಲ್ಲಿ ಅವನಿಗೆ ನೆಲವೇ ಕಾಣಲಿಲ್ಲ. ಸೆನ್ಸರನ್ನು ಬಾಟಲಿಯಲ್ಲೇ ಬಿಟ್ಟು ಅವಳ ಜೊತೆ ಚಹಾಕ್ಕೆ ಹೊರಟುಬಿಟ್ಟ.

ಕಂಟ್ರೋಲರ್‌ಗೆ ದಿನವಿಡೀ ಕಂಡದ್ದು ಏಳು. ಪಂಪ್ ಓಡಲೇ ಇಲ್ಲ. ತೊಟ್ಟಿಯ ಆಮ್ಲದ ನೀರು ಹಾಗೇ ಪಕ್ಕದ ಹೊಳೆಗೆ ಹರಿದು, ಸಂಜೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ತಪ್ಪು ಯಾರದೋ ಅವರ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಮ್ಯಾನೇಜರ್ ಇಬ್ಬರಿಗೂ ಹೇಳಿ ಕಳಿಸಿದರು.

ಅವಳು ಯೋಚಿಸಿದಳು. ತನಗೆ ಡಿಗ್ರಿಯಿದೆ, ಇನ್ನೊಂದು ಲ್ಯಾಬ್ ಸಿಕ್ಕೀತು. ಅವನ ಸಂಬಳ ನಿಂತರೆ ಹಾಸಿಗೆ ಹಿಡಿದ ಅವನ ಅಪ್ಪನಿಗೆ ಔಷಧಿಯಿಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡು ಮರುದಿನ ಮ್ಯಾನೇಜರ್ ಕೋಣೆಗೆ ಹೋದಳು. ಅವನು ಆಗಲೇ ಅಲ್ಲಿ ನಿಂತಿದ್ದ.

ಸೆನ್ಸರ್ ತೆಗೆದವರು ಯಾರು ಎಂದು ಮ್ಯಾನೇಜರ್ ಕೇಳಿದರು. ಅವಳು ಬಾಯಿ ತೆರೆದಳು.

“ಇವರೇ ಸಾರ್,” ಎಂದ ಅವನು. “ನಾನು ಬೇಡ ಅಂದೆ. ಕೇಳ್ಲಿಲ್ಲ.”

ಅವಳು ಅವನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಒಂದು ಮಾತಿನಲ್ಲಿ ಅವನ ಬಣ್ಣ ಬಯಲು ಮಾಡಬಹುದಿತ್ತು.

“ಹೌದು ಸಾರ್, ನಾನೇ,” ಎಂದಳು.

ಕೆಲಸ ಕಳೆದುಕೊಂಡು ಹೊರಟವಳ ಹಿಂದೆ ಗೇಟಿನ ಹತ್ತಿರ ಅವನು ಓಡಿಬಂದ. ಅಪ್ಪನ ನೆನಪಾಗಿ ಹೆದರಿಕೆಯಾಯಿತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಬೇಗ ಮದುವೆಯಾಗೋಣ, ನಿನ್ನನ್ನು ರಾಣಿಯ ಹಾಗೆ ನೋಡಿಕೊಳ್ಳುತ್ತೇನೆ ಎಂದೆಲ್ಲ ಅಂಗಲಾಚಿದ. ನೀನ್ಯಾಕೆ ಸುಳ್ಳು ಒಪ್ಪಿಕೊಂಡೆ ಎಂದೂ ಕೇಳಿದ.

“ಒಪ್ಕೊಳ್ಳೋಕೆ ಅಂತಲೇ ಬಂದಿದ್ದೆ ಕಣ್ರೀ,” ಎಂದಳು ಅವಳು. “ನೀವು ಒಂದು ಗಳಿಗೆ ಸುಮ್ನಿದ್ದಿದ್ರೆ ನಿಮ್ಮ ಕೆಲಸವೂ ಉಳೀತಿತ್ತು, ನಾನೂ ಉಳೀತಿದ್ದೆ.”

ಅವನು ಅಲ್ಲೇ ಕುಸಿದು ಕುಳಿತ. ಅವನ ಕಣ್ಣೊರೆಸಬೇಕೆಂದು ಅವಳ ಕೈ ತಾನಾಗಿ ಮುಂದೆ ಹೋಯಿತು. ಇಷ್ಟಾದರೂ ಪ್ರೀತಿ ಸತ್ತಿರಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕೈ ಹಿಂದೆ ತೆಗೆದುಕೊಂಡಳು.

“ಏಳಿ, ಶಿಫ್ಟಿಗೆ ಹೊತ್ತಾಯ್ತು,” ಎಂದು ಹೇಳಿ ಬಸ್ಸು ಹತ್ತಿದಳು.