ಇನ್ನೂ ಅಳೆಯದ ಕೋಣೆ

ಬಾಗಿಲು ಒಡೆಯುತ್ತಿದ್ದರು ಸಾರ್. ನಾನು ವಿಡಿಯೋ ಗೇಮ್ ಆಡುತ್ತಾ ಕೂತಿದ್ದೆ!

ನಗಬೇಡಿ. ಸ್ಟೇಟ್‌ಮೆಂಟ್ ಬೇಕು ಅಂದಿರಿ, ಕೊಡುತ್ತಿದ್ದೇನೆ. ಹೇಳಿದ್ದನ್ನ ಹಾಗೇ ಬರೆದುಕೊಳ್ಳಿ.

ಧಡ್!

ಚಿಲಕದ ಸ್ಕ್ರೂ ಒಂದು ಹಾರಿ ಬಂದು ನನ್ನ ಕಾಲ ಹತ್ತಿರ ಬಿತ್ತು. ಮಧ್ಯಾಹ್ನ ಎರಡೂ ಮುಕ್ಕಾಲು. ನಾಲ್ಕು ಗಂಟೆಗೆ ನನ್ನ ತಂಗಿ ಸಾಯುತ್ತಾಳೆ. ಎಲ್ಲಿ ಅಂತ ಮಾತ್ರ ಗೊತ್ತಿಲ್ಲ.

"ಇನ್ನೂ ಎಷ್ಟು ಹೊತ್ತಪ್ಪಾ?" ಟೈಲರಕ್ಕ ಕೂಗಿದರು.

ತಂಗಿಯ ಮನೆ ಕೆಳಗಿನ ಅಂಗಡಿಯವರು. ಅರವತ್ತು ದಾಟಿದ ಹೆಂಗಸು. ಕಬ್ಬಿಣದ ಟ್ರಂಕನ್ನು ಬಾಗಿಲಿಗೆ ಒತ್ತಿ, ಅದರ ಮೇಲೆ ಕೂತು, ಎರಡೂ ಕಾಲನ್ನು ಎದುರಿನ ಬೀರುವಿಗೆ ಕೊಟ್ಟಿದ್ದರು. ಪ್ರತಿ ಏಟಿಗೂ ಅವರ ಕನ್ನಡಕ ಮೂಗಿಂದ ಜಾರುತ್ತಿತ್ತು.

"ದಾರಿ ಬಿಡ್ತಾ ಇಲ್ಲ ಅಕ್ಕಾ, ಈ ಹಾಳು ಗೇಮು!"

"ಆಂ?"

"ದಾರಿ... ಬಿಡ್ತಾ... ಇಲ್ಲ!"

ಅವರಿಗೆ ಕಿವಿ ಮಂದ. ಹೊರಗಿದ್ದವನಿಗೆ ಮಾತ್ರ ಚೆನ್ನಾಗಿ ಕೇಳಿಸಿತು.

"ಬಾಸ್, ಕಂಪ್ಯೂಟರ್ ಕೊಟ್ಟುಬಿಡಿ," ಅಂದ. "ನಿಮ್ಮ ಮೈಮೇಲೆ ಕೈ ಹಾಕೋಕೆ ನಮಗೂ ಇಷ್ಟ ಇಲ್ಲ."

ಹೆಲ್ಮೆಟ್! ಕಟ್ಟಡ ಕೆಡವುವ ಕಂಟ್ರಾಕ್ಟರ್ ಆಫೀಸಿನ ಮ್ಯಾನೇಜರ್ ಸಾಕಿಕೊಂಡಿದ್ದ ಆಳು. ಊಟಕ್ಕೆ ಕೂತರೂ ಹೆಲ್ಮೆಟ್ ತೆಗೆಯದವನು. ಜೊತೆಗೆ ಇನ್ನೊಬ್ಬ ಇದ್ದ. ಅವನು ಮಾತಾಡುವ ಪೈಕಿ ಅಲ್ಲ, ಒದೆಯುವ ಪೈಕಿ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಾನು ಮೊದಲು ಪ್ರೈವೇಟ್ ಡಿಟೆಕ್ಟಿವ್ ಆಗಿದ್ದೆ. ಆರು ವರ್ಷದಿಂದ ಬೇರೆ ಕೆಲಸ. ಹಳೇ ಕಟ್ಟಡಕ್ಕೆ ಮದ್ದಿಟ್ಟು ಕೆಡವುವ ಮೊದಲು ಒಬ್ಬ ಒಳಗೆಲ್ಲ ಸುತ್ತಿ ನೋಡಬೇಕು. 'ಒಳಗೆ ಯಾರೂ ಇಲ್ಲ' ಅಂತ ಸೈನ್ ಹಾಕಬೇಕು. ಆ ಒಬ್ಬ ನಾನು.

ತಂಗಿ ಗೇಮ್ ಮಾಡುತ್ತಾಳೆ. ಕಂಪನಿ ಇಲ್ಲ, ಪಾರ್ಟ್‌ನರ್ ಇಲ್ಲ, ಒಬ್ಬಳೇ. ಎಲ್ಲಾ ಪತ್ತೇದಾರಿ ಗೇಮುಗಳು. ಖಾಲಿ ಕಟ್ಟಡ, ಕೈಯಲ್ಲಿ ಟಾರ್ಚು, ಹೊರಗೆ ಮಳೆ ಸದ್ದು. ಗುಂಡಿಲ್ಲ, ಚೇಸಿಲ್ಲ. ಪತ್ತೇದಾರಿ ಹೆಂಗಸು ಕುಂಟುತ್ತಾ ನಡೆಯುತ್ತಾಳೆ! ಒಂದು ಸಲ ಕೇಳಿದ್ದೆ, "ಇದನ್ನ ಯಾರೇ ಆಡ್ತಾರೆ?" ಅಂತ. "ತಾಳ್ಮೆ ಇರೋರು ಆಡ್ತಾರೆ ಅಣ್ಣಾ, ನಿನಗಲ್ಲ ಬಿಡು," ಅಂದಿದ್ದಳು.

ಅವಳದೊಂದು ಹಟ ಇತ್ತು. ಸುಳ್ಳು ಕೋಣೆ ಕಟ್ಟುವುದಿಲ್ಲ. ಟೇಪು ಹಿಡಿದು ನಿಜವಾದ ಕೋಣೆ ಅಳೆಯಬೇಕು, ಅಲ್ಲಿಯ ಸದ್ದು ರೆಕಾರ್ಡ್ ಮಾಡಬೇಕು, ಆಮೇಲೆ ಅದನ್ನೇ ಗೇಮಿಗೆ ತರಬೇಕು. ಬೀಳಲಿರುವ ಕಟ್ಟಡ ಅಂದರೆ ಅವಳಿಗೆ ಪ್ರಾಣ. ಆ ಲಿಸ್ಟು ಕೊಡುತ್ತಿದ್ದವನು ನಾನೇ.

ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಸ್ಕೂಟರ್ ಹತ್ತಿದವಳು ಬುಧವಾರವಾದರೂ ಬರಲಿಲ್ಲ. ಮೊಬೈಲ್ ಸ್ವಿಚ್ ಆಫ್. ನಿಮ್ಮ ಸ್ಟೇಷನ್ನಿಗೂ ಬಂದಿದ್ದೆ ಸಾರ್. "ಮೇಜರ್ ಹೆಣ್ಣುಮಗಳು, ಎಲ್ಲೋ ಹೋಗಿರ್ತಾಳೆ, ಬರ್ತಾಳೆ," ಅಂದರು. ಇವತ್ತು ಅವಳ ಮೇಜಿನ ಮೇಲೆ ಆ ಲಿಸ್ಟು ಸಿಕ್ಕಿತು. ಎರಡು ಬಿಟ್ಟು ಎಲ್ಲ ಹೊಡೆದು ಹಾಕಿತ್ತು. ಊರಿನ ದಕ್ಷಿಣದ ತುದಿಯಲ್ಲಿ ಹಳೇ ಆಸ್ಪತ್ರೆ. ಉತ್ತರದ ತುದಿಯಲ್ಲಿ ಹಳೇ ಪ್ರಿಂಟಿಂಗ್ ಪ್ರೆಸ್.

ಎರಡೂ ಇವತ್ತು ನಾಲ್ಕಕ್ಕೆ ಬೀಳುತ್ತವೆ!

ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ನಿಲ್ಲಿಸು. ಒಳಗೆ ನನ್ನ ತಂಗಿ ಇದ್ದಾಳೆ."

"ಯಾವ ಕಟ್ಟಡದಲ್ಲಿ?"

"ಗೊತ್ತಿಲ್ಲ. ಎರಡೂ ನಿಲ್ಲಿಸು."

"ಎರಡಕ್ಕೂ ಸೈನ್ ಹಾಕಿದೋನು ನೀನು. ಒಳಗೆ ಹೋಗಿ ನೋಡಿದೋನೂ ನೀನೇ... ಅಲ್ವಾ?"

ಅವನು ನಕ್ಕು ಫೋನ್ ಇಟ್ಟ.

ಹೋಗಿರಲಿಲ್ಲ ಸಾರ್. ಸೋಮವಾರ ಎರಡು ಕಡೆಯೂ ಕಾರಿನಲ್ಲೇ ಕೂತು ಸೈನ್ ಹಾಕಿದ್ದೆ. ಒಳಗೆ ಧೂಳು, ಹೊರಗೆ ಬಿಸಿಲು, ನನಗೆ ಮಂಡಿನೋವು. ಎರಡು ವರ್ಷದಿಂದ ಹಾಗೇ ನಡೆದಿತ್ತು. ಒಂದು ಸಲ ಒಳಗೆ ಕಾಲಿಟ್ಟಿದ್ದರೂ ಸಾಕಿತ್ತು. ಅವಳು ಈಗ ಮಾಡುತ್ತಿದ್ದ ಗೇಮಿನ ಗೋಡೆ ನೋಡಿದ ಕೂಡಲೇ ಇದು ಆಸ್ಪತ್ರೆ, ಇದು ಪ್ರೆಸ್ಸು ಅಂತ ಹೇಳಿಬಿಡುತ್ತಿದ್ದೆ. ಈಗ ನೋಡದ ಕಟ್ಟಡವನ್ನು ಗೇಮಿನಲ್ಲಿ ನೋಡಿ ಗುರುತು ಹಿಡಿಯಬೇಕಿತ್ತು. ನನ್ನ ಹಣೆಬರಹ!

ಫೋನ್ ಇಟ್ಟ ಅರ್ಧ ಗಂಟೆಗೆ ಕೆಳಗೆ ತಂಗಿಯ ಸ್ಕೂಟರಿನ ಸದ್ದು ಕೇಳಿತು. ಜೀವ ಬಂದ ಹಾಗಾಯಿತು. ಕಿಟಕಿಗೆ ಓಡಿದೆ.

ಸ್ಕೂಟರ್ ಅವಳದೇ. ಓಡಿಸಿಕೊಂಡು ಬಂದವನು ಹೆಲ್ಮೆಟ್!

ಅರ್ಥವಾಯಿತಲ್ಲ? ಸ್ಕೂಟರ್ ಕೀ ಸಮೇತ ಸೈಟಿನ ಹತ್ತಿರ ಸಿಕ್ಕಿದೆ. ಒಳಗೆ ಯಾರೋ ಇದ್ದಾರೆ ಅಂತ ಅವರಿಗೆ ಗೊತ್ತು. ಹುಡುಕಲು ಹೋದರೆ ಕೆಲಸ ನಿಲ್ಲುತ್ತದೆ, ಲೈಸೆನ್ಸ್ ಹೋಗುತ್ತದೆ. ಅದಕ್ಕೇ, ಅವಳು ಅಲ್ಲಿಗೆ ಹೋಗಿದ್ದ ಗುರುತೇ ಉಳಿಯದ ಹಾಗೆ, ಸ್ಕೂಟರನ್ನು ಮನೆ ಮುಂದೆ ನಿಲ್ಲಿಸಿ, ಕಂಪ್ಯೂಟರ್ ಎತ್ತಿಕೊಂಡು ಹೋಗಲು ಬಂದಿದ್ದರು. ಯಾವ ಕಟ್ಟಡ ಅಂತ ನಾನು ಬಾಗಿಲ ಸಂದಿಯಿಂದ ಕೇಳಿದೆ, ಬೇಡಿಕೊಂಡೆ. ಉತ್ತರಕ್ಕೆ ಒಂದು ಒದೆ ಬಿತ್ತು.

ಧಡ್! ಧಡ್!

"ಅಕ್ಕಾ, ಭಾನುವಾರ ಹೋಗೋವಾಗ ಏನಂದಳು? ಸರಿಯಾಗಿ ಜ್ಞಾಪಿಸಿಕೊಳ್ಳಿ!"

"ಗೋಡೆ ಟೊಳ್ಳಾಗಿದೆ ಅಂತ ನಾನೇ ಹೇಳಿದ್ದೆನಪ್ಪಾ!"

ಈ ಟೈಲರಕ್ಕ ತಂಗಿಯ ಟೆಸ್ಟರ್. ಹೊಸ ಗೇಮ್ ಮೊದಲು ಇವರ ಕೈಗೆ. ಕಥೆ, ಸುಳಿವು, ಕೊಲೆಗಾರ, ಯಾವುದೂ ಇವರಿಗೆ ಬೇಡ. ಗೋಡೆಗೆ ಅಂಟಿಕೊಂಡು ಕೋಣೆಯೆಲ್ಲ ಸುತ್ತುತ್ತಾರೆ, ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನೋಡುವ ಹಾಗೆ. ಎಲ್ಲಿ ಗೋಡೆ ಗಟ್ಟಿ ಇಲ್ಲವೋ ಅಲ್ಲಿ ಪತ್ತೇದಾರಿ ಗೋಡೆ ದಾಟಿ ಬಿದ್ದುಹೋಗುತ್ತಾಳೆ.

"ನೆಲಮಾಳಿಗೆ ಮೆಟ್ಟಿಲು ಇಳಿದು, ಎಡಗಡೆ!" ಅಕ್ಕ ಕೂಗಿದರು. "ಅಲ್ಲಿ ಬಿದ್ದೋಗ್ತೀಯ ಅಂದೆ. 'ಆ ಕೋಣೆ ಇನ್ನೂ ಅಳೆದಿಲ್ಲ ಅಕ್ಕಾ, ಬಾಗಿಲು ಬಿಗಿದಿತ್ತು, ಹೊರಗಿನ ಸದ್ದು ಮಾತ್ರ ತಂದಿದ್ದೀನಿ, ಭಾನುವಾರ ಹೋಗಿ ಅಳತೆ ತಗೊಂಡು ಬರ್ತೀನಿ' ಅಂದಳು. ಯಾವ ಊರ ಕೋಣೆಯೋ, ನಾನು ಕೇಳಲಿಲ್ಲ ಕಣಪ್ಪಾ..."

ಸದ್ದು! ಅಕ್ಕನಿಗೆ ಕಿವಿ ಕೇಳುವುದಿಲ್ಲ. ಅಲ್ಲಿ ಏನು ಕೇಳಿಸುತ್ತದೆ ಅಂತ ಅವರಿಗೆ ಗೊತ್ತೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡೆ.

ಆದರೆ ಮೆಟ್ಟಿಲವರೆಗೆ ಹೋಗಬೇಕಲ್ಲ? ಅಕ್ಕ ಆಡಿ ಅರ್ಧಕ್ಕೆ ಉಳಿಸಿದ್ದ ಹಳೇ ಸೇವ್ ಹೊಸ ಗೇಮಿನಲ್ಲಿ ಓಡುತ್ತಿರಲಿಲ್ಲ. ಮೊದಲಿಂದ ಆಡಬೇಕಿತ್ತು. ಮೊದಲ ಹಾಲಿನ ಬಾಗಿಲಿಗೆ ಹೋಗಿ ಕ್ಲಿಕ್ ಮಾಡಿದೆ. ಪತ್ತೇದಾರಿ ತಿರುಗಿ ನಿಂತಳು.

"ಇನ್ನೂ ಪೂರ್ತಿ ನೋಡಿಲ್ಲ."

ತಂಗಿಯದೇ ದನಿ ಸಾರ್. ಅವಳೇ ಡಬ್ ಮಾಡಿದ್ದಳು. ಕೋಣೆಯಲ್ಲಿರುವುದನ್ನೆಲ್ಲ ನೋಡದೆ ಮುಂದೆ ಬಿಡುವುದಿಲ್ಲ, ಅದೇ ಆ ಗೇಮಿನ ರೂಲು. ಕುರ್ಚಿ ನೋಡಿದೆ, ದೀಪ ನೋಡಿದೆ, ಹರಿದ ಕ್ಯಾಲೆಂಡರ್ ನೋಡಿದೆ. ಕ್ಲಿಕ್, ಕ್ಲಿಕ್!

"ಇನ್ನೂ ಪೂರ್ತಿ ನೋಡಿಲ್ಲ."

"ನೋಡ್ತೀನಿ ಕಣೇ, ನೋಡ್ತೀನಿ!" ಸ್ಕ್ರೀನಿಗೆ ಕೂಗಿದೆ. ಕಣ್ಣಲ್ಲಿ ನೀರು ತುಂಬಿ ಮೌಸ್ ಬಾಣವೇ ಕಾಣಲಿಲ್ಲ. ಆರು ವರ್ಷದಲ್ಲಿ ಒಂದು ಕೋಣೆಯನ್ನೂ ಇಷ್ಟು ಕಣ್ಣಿಟ್ಟು ನೋಡಿರಲಿಲ್ಲ. ಬಾಗಿಲ ಹಿಂದೆ ಒಂದು ಕೊಡೆ ಸಿಕ್ಕಿತು. ಹಾಲು ಬಿಟ್ಟುಕೊಟ್ಟಿತು. ಬಲಕ್ಕೆ ಕಾರಿಡಾರು. ಒಂದೊಂದಾಗಿ ನೋಡುತ್ತಾ ಹೋದೆ. ಏಳನೇ ಬಾಗಿಲು. ಮೆಟ್ಟಿಲು... ಹತ್ತೊಂಬತ್ತು. ಎಡಗಡೆ ಗೋಡೆ ಸವರಿದೆ.

ಪತ್ತೇದಾರಿ ಗೋಡೆಯೊಳಗೆ ಬಿದ್ದಳು!

ಸ್ಕ್ರೀನ್ ಪೂರ್ತಿ ಬೂದು. ನೆಲ ಇಲ್ಲ, ಸೂರು ಇಲ್ಲ. ಸದ್ದು ಮಾತ್ರ ಇತ್ತು. ನೀರು ತೊಟ್ಟಿಕ್ಕುತ್ತಿತ್ತು. ದೂರದಲ್ಲಿ ಗಂಟೆ.

ಟಣ್... ಟಣ್... ಖಾಲಿ. ಟಣ್... ಟಣ್... ಖಾಲಿ.

ಮೂರನೇ ಏಟು ನುಂಗುವ ಗಂಟೆ! ರೈಲ್ವೆ ಗೇಟಿನ ಕೆಟ್ಟ ಗಂಟೆ ಅದು. ಸೋಮವಾರ ಪ್ರೆಸ್ಸಿನ ಪಕ್ಕ ಅದೇ ಗೇಟು ಬಿದ್ದಿತ್ತು. ಹತ್ತು ನಿಮಿಷ ಆ ಗಂಟೆಗೆ ಬೈಯುತ್ತಾ, ಹಾರ್ನ್ ಹೊಡೆಯುತ್ತಾ, ಸ್ಟೀರಿಂಗ್ ಮೇಲೆ ಪೇಪರ್ ಇಟ್ಟು ಸೈನ್ ಹಾಕಿದ್ದೆ.

"ಪ್ರೆಸ್ಸು ಅಕ್ಕಾ! ಪ್ರಿಂಟಿಂಗ್ ಪ್ರೆಸ್ಸು!"

"ಹಂಗಾದ್ರೆ ಇಲ್ಲೇನು ಮಾಡ್ತಿದ್ದೀಯ? ಓಡು!"

ಮೊಳೆಗೆ ನೇತಾಡುತ್ತಿದ್ದ ಸ್ಕೂಟರಿನ ಇನ್ನೊಂದು ಕೀ ಕಿತ್ತುಕೊಂಡೆ. ಹಿಂದಿನ ಬಾಲ್ಕನಿ, ನೀರಿನ ಪೈಪು. ಅರ್ಧ ಇಳಿಯುವಷ್ಟರಲ್ಲಿ ಮೇಲೆ ಬಾಗಿಲು ಮುರಿಯಿತು. "ಮೈ ಮುಟ್ಟಿದ್ರೆ ಕತ್ತರಿ ಹಾಕ್ತೀನಿ!" ಅಂತ ಅಕ್ಕನ ಕೂಗು. ಅವರ ಕತ್ತರಿ ಒಂದೂವರೆ ಅಡಿ ಉದ್ದ ಸಾರ್. ಅದನ್ನು ನೋಡಿ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರಂತೆ, ಆಮೇಲೆ ಅಕ್ಕ ಹೇಳಿದರು.

ಮೂರೂ ಹತ್ತು.

ಓಡಿಸಿದೆ ನೋಡಿ! ಒನ್‌ವೇ, ಫುಟ್‌ಪಾತು, ತರಕಾರಿ ಗಾಡಿಗಳ ನಡುವೆ ಎಲ್ಲ ನುಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಒಂದು ಆಟೋ ಕಂಡಿತು. ಹಿಂದಿನ ಸೀಟಿನಲ್ಲಿ ಹೆಲ್ಮೆಟ್! ಅವನಿಗೆ ನನ್ನನ್ನು ಹೊಡೆಯುವುದು ಬೇಕಿರಲಿಲ್ಲ, ತಡಮಾಡಿಸಿದರೆ ಸಾಕಿತ್ತು. ಆಟೋ ಎರಡು ಸಲ ಪಕ್ಕಕ್ಕೆ ಬಂದು ಒತ್ತಿತು. ಮೂರನೇ ಸಲ ನಾನು ಬ್ರೇಕ್ ಹಿಡಿದೆ, ಅದು ನೇರ ಹೋಗಿ ಮರಳಿನ ರಾಶಿಗೆ ಮೂತಿ ಇಟ್ಟಿತು. ಅಂತೂ ಆ ಹೆಲ್ಮೆಟ್ ಒಂದು ದಿನ ಉಪಯೋಗಕ್ಕೆ ಬಂತು.

ಓಡಿಸುತ್ತಲೇ ನಿಮ್ಮ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಹೆಂಗಸೊಬ್ಬರು ಕಂಪ್ಯೂಟರ್ ನೋಡಿ ಹೇಳಿದರು: "ಗಾಬರಿ ಆಗಬೇಡಿ ಸಾರ್. ಆ ಕಟ್ಟಡ ಖಾಲಿ ಇದೆ. ಒಬ್ಬರು ಪೂರ್ತಿ ಪರಿಶೀಲಿಸಿ ಸೈನ್ ಹಾಕಿದ್ದಾರೆ."

ಕಟ್ ಮಾಡಿದೆ.

ಪ್ರೆಸ್ಸಿನ ಮುಂದೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಇನ್ನೂರು ಜನ, ಎಲ್ಲರ ಕೈಯಲ್ಲೂ ಮೊಬೈಲು. ಮೂರೂ ಐವತ್ತು. ಮೊದಲ ಸೈರನ್ ಕೂಗಿತು. ಮದ್ದಿನ ಮೇಸ್ತ್ರಿ ಮೇಜಿನ ಮೇಲೆ ಸ್ವಿಚ್ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ಮ್ಯಾನೇಜರ್.

"ನಿಲ್ಸಿ! ಒಳಗೆ ಮನುಷ್ಯರಿದ್ದಾರೆ!"

ಮ್ಯಾನೇಜರ್ ನಗುತ್ತಾ ನನ್ನ ಹೆಗಲ ಮೇಲೆ ಕೈ ಹಾಕಿದ. ಕಿವಿಯಲ್ಲಿ ಮಾತ್ರ ಬೇರೆ ಮಾತು. "ಬಾಯಿ ಬಿಟ್ಟರೆ ಮೊದಲು ಜೈಲಿಗೆ ಹೋಗೋನು ನೀನು. ಪೇಪರಲ್ಲಿ ನನ್ನ ಹೆಸರಿಲ್ಲ. ಯೋಚನೆ ಮಾಡು."

ಯೋಚನೆ ಮಾಡಿದೆ ಸಾರ್. ಸುಳ್ಳು ಯಾಕೆ ಹೇಳಲಿ... ಒಂದು ಉಸಿರಿನಷ್ಟು ಹೊತ್ತು ಮಾಡಿದೆ. ಆ ಒಂದು ಉಸಿರಿಗೆ ಈಗಲೂ ನಾಚಿಕೆಯಾಗುತ್ತದೆ.

ಮದ್ದಿನ ಮೇಸ್ತ್ರಿ ಹಳೇ ಆಸಾಮಿ. ಅವರಲ್ಲೊಂದು ಕಟ್ಟುಪಾಡಿದೆ. ಯಾರು ಎಷ್ಟೇ ಬೊಬ್ಬೆ ಹೊಡೆಯಲಿ, ಪೇಪರ್ ಸರಿ ಇದ್ದರೆ ಗುಂಡಿ ಒತ್ತುತ್ತಾರೆ. ಸೈನ್ ಹಾಕಿದವನೇ ಬಂದು ಎದುರಿಗೆ ನಿಂತು ವಾಪಸ್ ತೆಗೆದುಕೊಂಡರೆ ಮಾತ್ರ ಒತ್ತುವುದಿಲ್ಲ, ಮೇಲಿನವರು ಕತ್ತು ಹಿಡಿದರೂ ಒತ್ತುವುದಿಲ್ಲ.

ಮೇಜಿನ ಮೇಲಿದ್ದ ಮೈಕ್ ಕಿತ್ತುಕೊಂಡೆ.

"ಈ ಪೇಪರಿಗೆ ಸೈನ್ ಹಾಕಿದೋನು ನಾನು! ಒಳಗೆ ಹೋಗಿಲ್ಲ! ಒಂದು ಕೋಣೆನೂ ನೋಡಿಲ್ಲ! ಕಾರಲ್ಲಿ ಕೂತು ಹಾಕಿದ್ದು! ಸೈನ್ ವಾಪಸ್ ತಗೋತಿದ್ದೀನಿ!"

ಇನ್ನೂರು ಮೊಬೈಲು ನನ್ನ ಕಡೆ ತಿರುಗಿದವು.

ಮೇಸ್ತ್ರಿ ಸ್ವಿಚ್ಚಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಮುಖಕ್ಕೆ ಉಗಿಯಲಿಲ್ಲ ಅಷ್ಟೇ. "ಎಷ್ಟು ಕಟ್ಟಡ ಹಿಂಗೆ ಹಾಕಿದ್ದೀಯೋ ಪಾಪಿ?" ಅಂದ. ನಾನು ಒಳಗೆ ಓಡಿದೆ.

ಕಿಟಕಿಗೆಲ್ಲ ಹಲಗೆ ಹೊಡೆದಿದ್ದರು. ಕತ್ತಲು. ಆದರೆ ನನಗೆ ದಾರಿ ಗೊತ್ತಿತ್ತು! ಹಾಲು, ಬಲಕ್ಕೆ ಕಾರಿಡಾರು, ಏಳನೇ ಬಾಗಿಲು, ಹತ್ತೊಂಬತ್ತು ಮೆಟ್ಟಿಲು. ಒಂದಡಿ ಕೂಡ ತಪ್ಪಿರಲಿಲ್ಲ. ಕಂಬಗಳಿಗೆಲ್ಲ ಮದ್ದಿನ ವೈರು ಸುತ್ತಿತ್ತು. ಕೆಳಗೆ ಎಡಗಡೆ ಗೋಡೆ ಸವರಿದೆ. ಕಬ್ಬಿಣ ಸಿಕ್ಕಿತು.

"ಪುಟ್ಟೀ!"

ಬಾಗಿಲು ಬಡಿದೆ.

"ಪುಟ್ಟೀ... ನಾನು ಕಣೇ, ಅಣ್ಣ!"

ಟಿಕ್. ಟಿಕ್. ಒಳಗಿಂದ ಯಾರೋ ತಗಡಿಗೆ ತಗಡು ತಟ್ಟಿದ ಹಾಗೆ.

ಹೆಗಲು ಕೊಟ್ಟು ನೂಕಿದೆ. ಎಲುಬು ಮುರಿದರೂ ಸರಿ ಅಂತ ನೂಕಿದೆ. ಬಾಗಿಲು ಬಿಟ್ಟುಕೊಂಡಿತು. ಒಳಗಿನ ಹಿಡಿ ಮುರಿದು ನೆಲದಲ್ಲಿ ಬಿದ್ದಿತ್ತು. ಅಳೆಯಲು ಒಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು, ಹಿಡಿ ಕೈಗೆ ಬಂತು. ನೆಲಮಾಳಿಗೆಗೆ ಸಿಗ್ನಲ್ ಇಲ್ಲ, ಮೊಬೈಲಿನ ಚಾರ್ಜೂ ಮುಗಿದಿತ್ತು. ಅಷ್ಟೇ ನಡೆದದ್ದು. ಮೂರು ದಿನ ಸೂರಿಂದ ತೊಟ್ಟಿಕ್ಕುವ ನೀರು ನೆಕ್ಕಿ ಬದುಕಿದ್ದಳು.

ಮೂಲೆಯಲ್ಲಿ ಮುದುಡಿ ಕೂತಿದ್ದಳು. ತುಟಿ ಒಡೆದಿತ್ತು. ಕೈಯಲ್ಲಿ ಅಳತೆ ಟೇಪು.

"ಅಗಲ ಹದಿನಾರು ಅಡಿ ಅಣ್ಣಾ," ಅಂದಳು. ದನಿಯೇ ಇರಲಿಲ್ಲ. "ಅಕ್ಕನಿಗೆ ಹೇಳು, ಗೋಡೆ ಸರಿ ಮಾಡ್ತೀನಿ."

ಎತ್ತಿಕೊಂಡು ಅತ್ತೆ ಸಾರ್. ಮೂವತ್ತು ವರ್ಷದ ಹೆಂಗಸನ್ನು ಮಗುವಿನ ಹಾಗೆ ಎತ್ತಿಕೊಂಡು, ಹತ್ತೊಂಬತ್ತು ಮೆಟ್ಟಿಲೂ ಅಳುತ್ತಾ ಹತ್ತಿದೆ.

ಆಂಬುಲೆನ್ಸಿನಲ್ಲಿ ಡ್ರಿಪ್ ಹಾಕಿದ ಮೇಲೆ ಸ್ವಲ್ಪ ಕಣ್ಣು ಬಿಟ್ಟಳು. ನನ್ನ ತೋಳು ಹಿಡಿದುಕೊಂಡಳು. ಆ ಹಿಡಿತ ನೋಡಬೇಕಿತ್ತು.

"ಸೋಮವಾರ ಯಾರೋ ಬಂದಿದ್ರು ಅಣ್ಣಾ. ಕಾರು... ಹಾರ್ನ್ ಹೊಡೀತಾನೇ ಇದ್ರು. ಕೂಗಿದೆ, ಗಂಟಲು ಹರಿಯೋ ಹಾಗೆ ಕೂಗಿದೆ. ಆ ದರಿದ್ರದವನು ಕೆಳಗೆ ಇಳೀಲೇ ಇಲ್ಲ. ನೀನು ಡಿಟೆಕ್ಟಿವ್ ಅಲ್ವಾ? ಅವನು ಯಾರು ಅಂತ ಕಂಡುಹಿಡಿ."

ಊರಿಗೆಲ್ಲ ಗೊತ್ತು. ಇನ್ನೂರು ಮೊಬೈಲಿನಲ್ಲಿದೆ. ಅವಳಿಗೊಬ್ಬಳಿಗೆ ಗೊತ್ತಿಲ್ಲ. ಆ ವಾರ್ಡಿನ ಬಾಗಿಲಾಚೆ ಮಲಗಿದ್ದಾಳೆ, ಎದ್ದ ಕೂಡಲೇ ಅದನ್ನೇ ಕೇಳುತ್ತಾಳೆ.

"ಕಂಡುಹಿಡೀತೀನಿ ಪುಟ್ಟೀ," ಅಂದಿದ್ದೇನೆ.

ಕೇಸು ಮುಗಿದಿದೆ ಸಾರ್. ಆರೋಪಿ ನಿಮ್ಮೆದುರಿಗೇ ಕೂತಿದ್ದಾನೆ, ಬೇಡಿ ಹಾಕಿ. ಒಳಗೆ ಹೋಗಿ ಅವಳಿಗೆ ಹೇಳೋ ಡ್ಯೂಟಿ ಮಾತ್ರ... ನಿಮ್ಮದು!